ಮಿನೆಸೋಟದ ಭಾಗವತ

ಕಾರವಾರದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಆಡುವಾಗ ಎರಡು ಮೂರು ಸಲ ದಾರಿ ತಪ್ಪಿದ್ದೆ. ಬರೆಯುವಾಗ ಸ್ವಲ್ಪ ಸರಿ ಮಾಡಿಕೊಂಡಿದ್ದೇನೆ, ಪೂರ್ತಿ ಅಲ್ಲ.

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹೊರಡುವಾಗ ಮಾತೆಲ್ಲ ಬಾಯಿಪಾಠ ಇತ್ತು. ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಅರ್ಧ ಮರೆತುಹೋಯಿತು. ಹಾಗಾಗಿ ಚೀಟಿ ಇಟ್ಟುಕೊಂಡಿದ್ದೇನೆ, ನಡುನಡುವೆ ನೋಡುತ್ತೇನೆ.

ಮೊದಲು ರೋಲ್‌ಪ್ಲೇಯಿಂಗ್ ಗೇಮ್ ಅಂದರೇನು ಅಂತ ಹೇಳಿ, ಆಮೇಲೆ ಅದನ್ನು ಮಾಡಿದವರ ಕತೆ ಹೇಳಿ ಅಂದಿದ್ದಾರೆ. ಬೇರೆ ಕಡೆ ಆಗಿದ್ದರೆ ಮೊದಲನೆಯದಕ್ಕೇ ಅರ್ಧ ಗಂಟೆ ಬೇಕಿತ್ತು. ಇಲ್ಲಿ ಕೂತವರಲ್ಲಿ ಕುಮಟಾ, ಹೊನ್ನಾವರ, ಅಂಕೋಲೆಯವರು ಜಾಸ್ತಿ ಇದ್ದೀರಿ. ನಿಮಗೆ ತಾಳಮದ್ದಳೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ. ನಾಲ್ಕು ಜನ ಪಂಚೆ ಶಾಲು ಹಾಕಿಕೊಂಡು ಕೂತಿರುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಪದ್ಯ ಮುಗಿದ ಕೂಡಲೇ, ಈಗಷ್ಟೇ ಪಕ್ಕದವರ ಹತ್ತಿರ ಕವಳ ಕೇಳಿ ಹಾಕಿಕೊಂಡ ಮನುಷ್ಯ ವಾಲಿ ಆಗಿಬಿಡುತ್ತಾನೆ. ಆ ಮಾತಿಗೇ ಅರ್ಥ ಅನ್ನುವುದು, ಅದು ಬರೆದಿಟ್ಟದ್ದಲ್ಲ. ಎದುರಿನ ರಾಮ ಏನು ಹೇಳುತ್ತಾನೆ ಅಂತ ಇವನಿಗೂ ಗೊತ್ತಿಲ್ಲ, ಇವನೇನು ಹೇಳುತ್ತಾನೆ ಅಂತ ರಾಮನಿಗೂ ಗೊತ್ತಿಲ್ಲ. ಅರ್ಥ ಎಳೆದದ್ದು ಜಾಸ್ತಿ ಆಯಿತು ಅನ್ನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಅಲ್ಲಿಗೆ ಬಾಯಿ ಮುಚ್ಚಬೇಕು.

ರೋಲ್‌ಪ್ಲೇಯಿಂಗ್ ಗೇಮ್ ಹೆಚ್ಚುಕಮ್ಮಿ ಇದೇ. ಮೇಜಿನ ಸುತ್ತ ಕೂರುತ್ತೀರಿ. ಪ್ರತಿಯೊಬ್ಬರಿಗೂ ಒಂದು ಪಾತ್ರ. ಒಬ್ಬರು ಭಾಗವತರು, ಅವರನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ಎದುರಿಗೆ ಬಾಗಿಲಿದೆ, ಒಳಗೆ ಏನೋ ಸದ್ದಾಗುತ್ತಿದೆ, ಏನು ಮಾಡುತ್ತೀರಿ ಅಂತ ಅವರು ಕೇಳುತ್ತಾರೆ. ನೀವು ಹೇಳುತ್ತೀರಿ. ವ್ಯತ್ಯಾಸ ಇರುವುದು ಒಂದೇ ಕಡೆ. ವಾಲಿ ವಾದದಲ್ಲಿ ರಾಮನನ್ನು ಎಷ್ಟೇ ಸೋಲಿಸಲಿ, ಕೊನೆಗೆ ಸಾಯಲೇಬೇಕು. ಪ್ರಸಂಗ ಹಾಗೇ ಬರೆದಿದೆ. ಈ ಆಟದಲ್ಲಿ ಕೊನೆ ಏನಾಗುತ್ತದೆ ಅಂತ ಭಾಗವತರಿಗೂ ಗೊತ್ತಿರುವುದಿಲ್ಲ. ದಾಳ ಉರುಳಿದ ಮೇಲೆ ಗೊತ್ತಾಗುತ್ತದೆ.

ಹೀಗೆ ಆಡಬಹುದು ಅಂತ ಕಂಡುಕೊಂಡ ಒಬ್ಬ ಮನುಷ್ಯನ ಕತೆ ಹೇಳಲು ಬಂದಿದ್ದೇನೆ. ಹೆಸರು ಡೇವ್ ಆರ್ನೆಸನ್. ಹುಟ್ಟಿದ್ದು 1947ರ ಅಕ್ಟೋಬರ್ 1ರಂದು, ಅಮೆರಿಕದ ಮಿನೆಸೋಟದಲ್ಲಿ. ಹುಡುಗನಾಗಿದ್ದಷ್ಟು ದಿನ ಏಕವಚನದಲ್ಲೇ ಮಾತಾಡುತ್ತೇನೆ, ಮೇಷ್ಟ್ರಾದ ಮೇಲೆ ಬಹುವಚನ ಕೊಡೋಣ.

ಹುಡುಗನಿಗೆ ಮನೆಯವರು ಗೆಟಿಸ್‌ಬರ್ಗ್ ಯುದ್ಧದ ಬೋರ್ಡ್ ಗೇಮ್ ಒಂದನ್ನು ಕೊಡಿಸಿದರು. ಅಲ್ಲಿಂದ ಹುಚ್ಚು ಹಿಡಿಯಿತು. ಮಿನಿಯಾಪೊಲಿಸ್, ಸೇಂಟ್ ಪಾಲ್ ಅಂತ ಅವಳಿ ನಗರಗಳಿವೆ. ಅಲ್ಲಿ ಯುದ್ಧದಾಟ ಆಡುವವರ ಒಂದು ಗುಂಪಿತ್ತು. ಸೀಸದ ಸಣ್ಣ ಸೈನಿಕರನ್ನು ಮೇಜಿನ ಮೇಲೆ ಜೋಡಿಸಿ ನೆಪೋಲಿಯನ್ ಕಾಲದ ಯುದ್ಧಗಳನ್ನು ಮತ್ತೆ ಆಡುತ್ತಿದ್ದರು. ಆರ್ನೆಸನ್ ಆ ಗುಂಪಿಗೆ ಸೇರಿಕೊಂಡ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿದ್ದೂ ಇತಿಹಾಸವನ್ನೇ.

ಆ ಗುಂಪಿನಲ್ಲಿ ಡೇವಿಡ್ ವೆಸ್ಲಿ ಅಂತ ಇನ್ನೊಬ್ಬನಿದ್ದ. ಅವನಿಗೆ ಗ್ರಂಥಾಲಯದಲ್ಲಿ ಒಂದು ಹಳೇ ಪುಸ್ತಕ ಸಿಕ್ಕಿತ್ತು. ಚಾರ್ಲ್ಸ್ ಟಾಟನ್ ಎಂಬ ಅಮೆರಿಕದ ಸೇನಾಧಿಕಾರಿ 1880ರಲ್ಲಿ ತಂದ 'ಸ್ಟ್ರಾಟೆಗೋಸ್'. ಅದರಲ್ಲಿ ಒಂದು ವಿಚಾರವಿತ್ತು. ಆಟಗಾರ ಏನು ಬೇಕಾದರೂ ಮಾಡಲು ನೋಡಬಹುದು, ಅದು ನಡೆಯಿತೋ ಇಲ್ಲವೋ ಅಂತ ಹೇಳುವವನು ರೆಫರಿ. ನಿಯಮದಲ್ಲಿ ಇಲ್ಲದ್ದನ್ನೂ ಮಾಡಬಹುದು ಅಂತಾಯಿತು. ಚದುರಂಗದಲ್ಲಿ ಕುದುರೆ ಇಳಿದು ಎದುರಿನ ರಾಜನ ಹತ್ತಿರ ಸಂಧಾನಕ್ಕೆ ಹೋಗಲು ಆಗುತ್ತದಾ? ಇಲ್ಲಿ ಆಗುತ್ತದೆ.

1960ರ ದಶಕದ ಕೊನೆಯಲ್ಲಿ ವೆಸ್ಲಿ ಒಂದು ಆಟ ಹೂಡಿದ. ಬ್ರೌನ್‌ಸ್ಟೈನ್ ಅಂತ ಜರ್ಮನಿಯ ಒಂದು ಕಲ್ಪನೆಯ ಪೇಟೆ. ಎರಡು ಸೈನ್ಯ ಎರಡು ಕಡೆಯಿಂದ ಬರುತ್ತಿವೆ. ಗುಂಪಿನಲ್ಲಿ ಜನ ಜಾಸ್ತಿ ಇದ್ದರು. ಸೈನ್ಯ ಸಿಗದವರು ಸುಮ್ನೆ ಕೂರುವುದು ಬೇಡ ಅಂತ ಒಬ್ಬನನ್ನು ಊರಿನ ಮೇಯರ್ ಮಾಡಿದ, ಇನ್ನೊಬ್ಬನನ್ನು ಬ್ಯಾಂಕಿನವನು, ಮತ್ತೊಬ್ಬನನ್ನು ವಿಶ್ವವಿದ್ಯಾಲಯದ ಕುಲಪತಿ. ಯುದ್ಧ ಶುರುವಾಗುವ ಮೊದಲೇ ಎಲ್ಲ ಕೈತಪ್ಪಿತು. ಒಬ್ಬೊಬ್ಬರೂ ವೆಸ್ಲಿಯನ್ನು ಪಕ್ಕದ ಕೋಣೆಗೆ ಕರೆದು ಗುಟ್ಟಿನಲ್ಲಿ ತಮ್ಮ ತಮ್ಮ ಹಂಚಿಕೆ ಹೇಳತೊಡಗಿದರು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ. ಸೈನ್ಯಗಳು ಅಲ್ಲೇ ಉಳಿದವು, ರಾತ್ರಿಯಾಯಿತು. ಆಟ ಕೆಟ್ಟಿತು ಅಂತ ವೆಸ್ಲಿಗೆ ಬೇಜಾರು. ಆಡಿದವರು ಮಾತ್ರ ಇಂಥದ್ದು ಇನ್ನೊಂದು ಯಾವಾಗ ಅಂತ ಅವನ ಬೆನ್ನು ಬಿಡಲಿಲ್ಲ.

ವೆಸ್ಲಿ ಸೈನ್ಯದ ಕೆಲಸಕ್ಕೆ ಹೋದ ಮೇಲೆ ಆ ಭಾಗವತಿಕೆ ಆರ್ನೆಸನ್ ಕೈಗೆ ಬಂತು. ಅವನಿಗೆ ನೆಪೋಲಿಯನ್ ಸಾಕಾಗಿತ್ತು. ಒಂದು ವಾರದ ಕೊನೆಗೆ ಮನೆಯಲ್ಲಿ ಕೂತು ಪಾಪ್‌ಕಾರ್ನ್ ತಿನ್ನುತ್ತಾ ಟಿವಿಯಲ್ಲಿ ಭೂತಪ್ರೇತದ ಸಿನಿಮಾ ನೋಡಿದನಂತೆ. ಒಂದಷ್ಟು ಮಂತ್ರವಾದಿ ಕತ್ತಿವರಸೆಯ ಕತೆಗಳನ್ನು ಓದಿದನಂತೆ. 1971ರಲ್ಲಿ ಗೆಳೆಯರು ಅವನ ಮನೆಯ ನೆಲಮಾಳಿಗೆಗೆ ಆಡಲು ಬಂದಾಗ ಪಿಂಗ್‌ಪಾಂಗ್ ಮೇಜಿನ ಮೇಲೆ ಸೈನಿಕರ ಬದಲು ಒಂದು ಪ್ಲಾಸ್ಟಿಕ್ ಕೋಟೆ ಇತ್ತು. ಆ ನಾಡಿನ ಹೆಸರು ಬ್ಲ್ಯಾಕ್‌ಮೂರ್. ಕೋಟೆಯ ಕೆಳಗೆ ಸುರಂಗಗಳು. ಸುರಂಗದಲ್ಲಿ ಏನಿದೆ ಅಂತ ಆರ್ನೆಸನ್‌ಗೆ ಮಾತ್ರ ಗೊತ್ತು.

ಈಗ ಒಂದು ಸಣ್ಣ ವಿಷಯ ಹೇಳುತ್ತೇನೆ. ಸಣ್ಣದು ಅಂದರೂ ನನಗೆ ಇಡೀ ಕತೆಯಲ್ಲಿ ಇದೇ ಹೆಚ್ಚು ಇಷ್ಟ. ಇವತ್ತು ನಿಮ್ಮ ಮಕ್ಕಳು ಮೊಬೈಲ್‌ನಲ್ಲಿ ಯಾವ ಆಟ ಆಡಿದರೂ ಮೂಲೆಯಲ್ಲಿ ಕೆಂಪು ಪಟ್ಟಿ ಇರುತ್ತದೆ, ಅಲ್ವಾ? ಏಟು ಬಿದ್ದ ಹಾಗೆ ಕಮ್ಮಿಯಾಗುತ್ತದೆ. ಲೈಫ್ ಹೋಯ್ತು ಅಂತ ಕೂಗುತ್ತಾರೆ. ಆ ಪಟ್ಟಿಯ ಅಜ್ಜನಮನೆ ಆರ್ನೆಸನ್‌ನ ಆ ನೆಲಮಾಳಿಗೆ.

ಹೇಗೆ ಅಂತ ಕೇಳಿ. ಮೊದಮೊದಲು ಹೊಡೆದಾಟಕ್ಕೆ 'ಚೈನ್‌ಮೇಲ್' ಎಂಬ ನಿಯಮದ ಪುಸ್ತಕ ಬಳಸಿದರು. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಮಾಡಿದ್ದು. ಅದು ಸೈನ್ಯದ ಆಟ. ಒಂದು ಏಟು ತಾಗಿತು, ಸೈನಿಕ ಸತ್ತ. ಮೇಜಿನ ಮೇಲೆ ನೂರು ಜನ ಇದ್ದಾಗ ಒಬ್ಬ ಸತ್ತರೆ ಯಾರೂ ಅಳುವುದಿಲ್ಲ. ಆದರೆ ಇಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಾತ್ರ. ಮೂರು ವಾರದಿಂದ ಅದಕ್ಕೆ ಹೆಸರಿಟ್ಟು, ಸಾಲ ಮಾಡಿಸಿ, ಶತ್ರುಗಳನ್ನು ಕಟ್ಟಿಕೊಟ್ಟಿದ್ದಾನೆ. ಒಂದು ದಾಳಕ್ಕೆ ಸತ್ತರೆ ಅವನು ಮನೆಗೆ ಹೋಗುತ್ತಾನೆ.

ಆರ್ನೆಸನ್‌ಗೆ ಹಡಗುಗಳ ಆಟವೂ ಗೊತ್ತಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದ ಕಬ್ಬಿಣದ ಹೊದಿಕೆಯ ಹಡಗುಗಳಿಗೆ ಅವನು ನಿಯಮ ಮಾಡಿಕೊಂಡಿದ್ದ. ನೀವು ಕಾರವಾರದವರು, ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹತ್ತಿ ಇಳಿದವರು. ಆ ಕ್ಷಿಪಣಿ ದೋಣಿಯನ್ನು ಒಂದು ಗುಂಡಿನಲ್ಲಿ ಮುಳುಗಿಸಲು ಆಗುತ್ತದಾ? ಹಡಗು ಏಟು ತಿನ್ನುತ್ತದೆ. ಒಂದು ಕಡೆ ತೂತು ಬೀಳುತ್ತದೆ, ಇನ್ನೊಂದು ಕಡೆ ಬೆಂಕಿ. ಇಷ್ಟು ಏಟು ತಡೆಯುತ್ತದೆ ಅಂತ ಒಂದು ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ಆರ್ನೆಸನ್ ಹಡಗಿನಿಂದ ಎತ್ತಿ ಮನುಷ್ಯನಿಗೆ ಅಂಟಿಸಿದ. ಅದೇ ಹಿಟ್ ಪಾಯಿಂಟ್. ಕವಚಕ್ಕೆ ದರ್ಜೆ ಕೊಡುವ ಪದ್ಧತಿಯನ್ನೂ ಅಲ್ಲಿಂದಲೇ ತಂದ. ಆಟದ ವಿನ್ಯಾಸ ಅಂದರೆ ನನ್ನ ಪ್ರಕಾರ ಇಷ್ಟೇ. ಒಂದು ಕಡೆಯ ಮೊಳೆ ಕಿತ್ತು ಇನ್ನೊಂದು ಕಡೆ ಹೊಡೆದು, ಬಾಗಿಲು ನಿಂತಿತಾ ಅಂತ ನೋಡುವುದು.

1972ರ ಕೊನೆಗೆ ಆರ್ನೆಸನ್ ತನ್ನ ಗೆಳೆಯ ಡೇವ್ ಮೆಗಾರಿ ಜೊತೆ ಲೇಕ್ ಜಿನೀವಾಕ್ಕೆ ಹೋದ. ಸ್ವಿಟ್ಜರ್ಲ್ಯಾಂಡ್ ಅಲ್ಲ, ಇದು ವಿಸ್ಕಾನ್ಸಿನ್‌ನ ಸಣ್ಣ ಊರು. ಅಲ್ಲಿ ಗೈಗ್ಯಾಕ್ಸ್ ಮನೆ. ಇಬ್ಬರ ಪರಿಚಯ 1969ರ ಜೆನ್ ಕಾನ್ ಎಂಬ ಆಟಗಾರರ ಮೇಳದಲ್ಲೇ ಆಗಿತ್ತು. ಹಡಗುಗಳ ಒಂದು ಆಟವನ್ನು ಮೈಕ್ ಕಾರ್ ಎಂಬ ಇನ್ನೊಬ್ಬನ ಜೊತೆ ಸೇರಿ ಮಾಡಿದ್ದರು. ಗೈಗ್ಯಾಕ್ಸ್ ಮೊದಲು ಶಿಕಾಗೋದಲ್ಲಿ ವಿಮಾ ಕಂಪನಿಯ ನೌಕರ. 1970ರಲ್ಲಿ ಆ ಕೆಲಸ ಹೋಗಿತ್ತು. ಹೊಟ್ಟೆಪಾಡಿಗೆ ಮನೆಯಲ್ಲೇ ಶೂ ರಿಪೇರಿ ಮಾಡಿಕೊಂಡಿದ್ದ.

ಆ ರಾತ್ರಿ ಆರ್ನೆಸನ್ ಅವನನ್ನೂ ಮನೆಯವರನ್ನೂ ಬ್ಲ್ಯಾಕ್‌ಮೂರ್‌ಗೆ ಇಳಿಸಿದ. ಗೈಗ್ಯಾಕ್ಸ್ ಮರುಳಾದ. ನಿಯಮ ಕೊಡು ಅಂದ. ಕೊಡಲು ಸರಿಯಾದ್ದು ಏನಿತ್ತು? ನಿಯಮಗಳು ಆರ್ನೆಸನ್‌ನ ತಲೆಯಲ್ಲಿದ್ದವು. ಇವತ್ತು ಹೇಳಿದ್ದು ಮುಂದಿನ ವಾರ ಬದಲಾಗುತ್ತಿತ್ತು. ಸುಮಾರು 20 ಪುಟದ ಟಿಪ್ಪಣಿ ಕೊಟ್ಟ. ಗೈಗ್ಯಾಕ್ಸ್ ಕೂತು ಅದನ್ನು 50 ಪುಟ ಮಾಡಿದ, ಆಮೇಲೆ 150 ಮಾಡಿದ. ಮನೆಯಲ್ಲೂ ಊರಲ್ಲೂ ಆಡಿಸಿ ನೋಡಿದ. ಅದೇ ಮುಂದೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಯಿತು, ಮಾರಾಟಕ್ಕೆ ಬಂದ ಮೊದಲ ರೋಲ್‌ಪ್ಲೇಯಿಂಗ್ ಗೇಮ್.

ಇಲ್ಲಿ ನನಗೆ ನಮ್ಮ ಅರ್ಥಧಾರಿಗಳು ನೆನಪಾಗುತ್ತಾರೆ. ಪ್ರಸಂಗ ಬರೆದ ಕವಿಯ ಹೆಸರು ಪುಸ್ತಕದ ಮೇಲಿದೆ. ಆ ಪ್ರಸಂಗಕ್ಕೆ ಜೀವ ಕೊಟ್ಟ ಮಾತು ಎಲ್ಲಿದೆ? ಟೇಪ್ ರೆಕಾರ್ಡರ್ ಬರುವ ಮೊದಲು ಆಡಿದ್ದೆಲ್ಲ ಚಪ್ಪರದ ಜೊತೆಗೇ ಬಿಚ್ಚಿಹೋಯಿತು. ಆರ್ನೆಸನ್ ಆಡಿಸುವವನು. ಗೈಗ್ಯಾಕ್ಸ್ ಬರೆಯುವವನು. ಇವರಲ್ಲಿ ಆಟ ಮಾಡಿದ್ದು ಯಾರು ಅಂತ ಇವತ್ತಿಗೂ ಜಗಳ ನಡೆಯುತ್ತದೆ. ನನಗೆ ಆರ್ನೆಸನ್ ಮೇಲೆ ಒಂದು ತೂಕ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಆದರೆ ಗೈಗ್ಯಾಕ್ಸ್ ಬರೆಯದಿದ್ದರೆ ಶಿರಸಿಯಲ್ಲಿ ಹುಟ್ಟಿದ ನನ್ನಂಥವನಿಗೆ ಆ ನೆಲಮಾಳಿಗೆಯ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಮುಟ್ಟಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ, ಸ್ವಲ್ಪ ಅಡ್ಡದಾರಿ. ಕಾಲೇಜಿನಲ್ಲಿದ್ದಾಗ ಒಂದು ಮಳೆಗಾಲ. ಶಿರಸಿಯ ಮಳೆ ನಿಮಗೆ ಗೊತ್ತಲ್ಲ, ಕರೆಂಟು ಹೋದರೆ ಮೂರು ದಿನ. ಗೆಳೆಯನ ಮನೆ ಊರಿಂದಾಚೆ, ಅಡಿಕೆ ತೋಟದ ತಲೆಯಲ್ಲಿ. ನಾಲ್ಕು ಜನ ಜಗುಲಿಯಲ್ಲಿ ಕೂತು ಆಡುತ್ತಿದ್ದೆವು. ನಿಯಮದ ಪುಸ್ತಕದ ಜೆರಾಕ್ಸ್ ಇತ್ತು, 20 ಮುಖದ ದಾಳ ಇರಲಿಲ್ಲ. ಒಂದರಿಂದ 20ರ ತನಕ ಚೀಟಿ ಬರೆದು ತಂಬಿಗೆಯಲ್ಲಿ ಹಾಕಿ ಎತ್ತುತ್ತಿದ್ದೆವು. ನಮ್ಮದು ಬಡವರ ಉಪಾಯ ಅಂದುಕೊಂಡಿದ್ದೆ. ಆಮೇಲೆ ಓದಿದರೆ 1979ರ ಸುಮಾರಿಗೆ ಆ ಆಟ ಮಾರುತ್ತಿದ್ದ ಕಂಪನಿಗೇ ದಾಳದ ಬರ ಬಂದು, ಪೆಟ್ಟಿಗೆಯಲ್ಲಿ ದಾಳದ ಬದಲು ಕತ್ತರಿಸಿಕೊಳ್ಳುವ ನಂಬರ್ ಚೀಟಿ ಇಟ್ಟು ಮಾರಿದ್ದರಂತೆ!

ಗೆಳೆಯನ ಅಜ್ಜ ಒಳಗಿಂದ ಬಂದರು. ಊರಿನ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ನಮ್ಮ ಮಾತು ಸ್ವಲ್ಪ ಹೊತ್ತು ಕೇಳಿದರು.

"ಎಂತದ್ರೋ ಇದು, ತಾಳಮದ್ದಳೆನಾ?"

ಹೌದು ಅಜ್ಜ, ಹಾಗೇ ಅಂದೆವು. ನನಗೂ ಒಂದು ಪಾತ್ರ ಕೊಡಿ ಅಂದರು. ಅಡಿಕೆ ವ್ಯಾಪಾರಿಯ ಪಾತ್ರ ಕೊಟ್ಟೆವು. ಸೇತುವೆ ದಾಟಬೇಕು, ಕಾವಲುಗಾರ ಬಿಡುತ್ತಿಲ್ಲ. ಆ ದಿನ ಭಾಗವತಿಕೆ ನನ್ನದು, ಹಾಗಾಗಿ ಕಾವಲುಗಾರನೂ ನಾನೇ. ಅಜ್ಜ ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು. ಕಾಲು ಗಂಟೆ ಮಾತಾಡಿದರು. ಸೇತುವೆ ಯಾರದು? ರಾಜನದು. ರಾಜನಿಗೆ ಸುಂಕ ಕೊಡುವವರು ಯಾರು? ನಾವು. ಹಾಗಾದರೆ ನನ್ನ ದುಡ್ಡಿನ ಸೇತುವೆಯ ಮೇಲೆ ನಿಂತು ನನ್ನನ್ನೇ ತಡೆಯುವ ನಿನಗೆ ಸಂಬಳ ಕೊಡುತ್ತಿರುವವನು ಯಾರು? ನನಗೆ ಉತ್ತರವೇ ಹೊಳೆಯಲಿಲ್ಲ. ಆದರೂ ನಿಯಮ ನಿಯಮವೇ ಅಂದುಕೊಂಡು ಚೀಟಿ ಎತ್ತಿಸಿದೆ. ಎರಡು ಬಂತು. ಅಂದರೆ ಸೋಲು. ಹುಡುಗರು ನಕ್ಕರು.

ಅಜ್ಜನಿಗೆ ಸಿಟ್ಟು ಬಂತು. "ಅರ್ಥದಲ್ಲಿ ಗೆದ್ದವನ್ನ ಚೀಟಿಲಿ ಸೋಲ್ಸೂದಾ? ಇದೆಂತಾ ಆಟ!" ಅಂತ ಎದ್ದು ಒಳಗೆ ಹೋದರು. ಕಷಾಯಕ್ಕೂ ಹೊರಗೆ ಬರಲಿಲ್ಲ.

ಅವರು ಕೇಳಿದ್ದು ಈ ಆಟಗಳನ್ನು ಮಾಡುವವರೆಲ್ಲ ಇವತ್ತಿಗೂ ತಲೆ ಕೆಡಿಸಿಕೊಳ್ಳುವ ಪ್ರಶ್ನೆ. ಮಾತು ಚೆನ್ನಾಗಿದ್ದರೆ ದಾಳ ಯಾಕೆ? ದಾಳವೇ ಇಲ್ಲದಿದ್ದರೆ ಮಾತು ಬರದವನ ಪಾಡೇನು? ನಮ್ಮ ಗುಂಪಿನಲ್ಲೂ ಒಬ್ಬನಿದ್ದ, ಮಾತಾಡಿದರೆ ಬೆವರುತ್ತಿದ್ದ. ಆದರೆ ಅವನ ಪಾತ್ರ ಮಾತಿನ ಮಲ್ಲ. ದಾಳ ಇದ್ದದ್ದಕ್ಕೆ ಅವನು ಅದನ್ನು ಆಡಲು ಆಯಿತು. ಆರ್ನೆಸನ್ ಆ ಜಾಗದಲ್ಲಿ ಇದ್ದಿದ್ದರೆ ನನ್ನ ಹಾಗೆ ಪುಸ್ತಕ ನೋಡುತ್ತಿರಲಿಲ್ಲ, ಅಜ್ಜನ ಮುಖ ನೋಡುತ್ತಿದ್ದ ಅಂತ ನನ್ನ ನಂಬಿಕೆ. ಅಜ್ಜ ದಾಟುತ್ತಿದ್ದರು.

ಸರಿ, ವಿಷಯಕ್ಕೆ ಬರೋಣ. ಗೈಗ್ಯಾಕ್ಸ್ ತನ್ನ ಬಾಲ್ಯದ ಗೆಳೆಯ ಡಾನ್ ಕೇ ಜೊತೆ 1973ರ ಅಕ್ಟೋಬರ್‌ನಲ್ಲಿ ಟಿಎಸ್‌ಆರ್ ಎಂಬ ಕಂಪನಿ ತೆರೆದ. ತಲಾ 1,000 ಡಾಲರ್ ಹಾಕಿದರು. ಆಮೇಲೆ ಬ್ರಯಾನ್ ಬ್ಲೂಮ್ ಎಂಬ ಇನ್ನೊಬ್ಬ ಪಾಲುದಾರ 2,000 ಡಾಲರ್ ತಂದ. 1974ರ ಜನವರಿಯಲ್ಲಿ ಆಟ ಹೊರಬಂತು. ಮರದ ಬಣ್ಣದ ಒಂದು ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಕ, ಬೆಲೆ 10 ಡಾಲರ್. 1,000 ಪ್ರತಿ. ಗೈಗ್ಯಾಕ್ಸ್ ಮನೆಯಲ್ಲೇ ಕೂತು ಕೈಯಲ್ಲಿ ಜೋಡಿಸಿದ್ದು. ಮುಖಪುಟದಲ್ಲಿ ಇಬ್ಬರ ಹೆಸರೂ ಇತ್ತು, ಗೈಗ್ಯಾಕ್ಸ್ ಮತ್ತು ಆರ್ನೆಸನ್. ಮರುವರ್ಷ ಆರ್ನೆಸನ್‌ನ 'ಬ್ಲ್ಯಾಕ್‌ಮೂರ್' ಪುಸ್ತಕವೂ ಬಂತು. 1976ರಲ್ಲಿ ಅವನು ಆ ಕಂಪನಿಗೇ ಕೆಲಸಕ್ಕೆ ಸೇರಿದ. ವರ್ಷ ತುಂಬುವುದರೊಳಗೆ ಬಿಟ್ಟ.

ಜಗಳದ ಭಾಗ ಬೇಗ ಮುಗಿಸುತ್ತೇನೆ, ಪಾಲಿನ ಜಗಳ ಎಲ್ಲ ಊರಲ್ಲೂ ಒಂದೇ ಥರ. 1977ರಿಂದ ಕಂಪನಿ ಅದೇ ಆಟದ 'ಅಡ್ವಾನ್ಸ್ಡ್' ರೂಪ ತಂದಿತು. ಅದರ ಮೇಲೆ ಗೈಗ್ಯಾಕ್ಸ್ ಹೆಸರು ಮಾತ್ರ. ಇದು ಬೇರೆಯೇ ಆಟ, ಹಾಗಾಗಿ ಆರ್ನೆಸನ್‌ಗೆ ರಾಯಲ್ಟಿ ಇಲ್ಲ ಅನ್ನುವುದು ಅವರ ವಾದ. ಹಳೇ ಮನೆಗೆ ಹೊಸ ಹೆಂಚು ಹಾಕಿ ಇದು ಪಿತ್ರಾರ್ಜಿತ ಅಲ್ಲ ಅಂದ ಹಾಗೆ. ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದ. 1981ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ತಮಾಷೆ ಅಂದರೆ 1980ರ ದಶಕದ ನಡುವೆ ಗೈಗ್ಯಾಕ್ಸ್‌ನನ್ನೂ ಅವನೇ ಕಟ್ಟಿದ ಕಂಪನಿಯಿಂದ ಹೊರಗೆ ಹಾಕಿದರು. 1997ರಲ್ಲಿ ಆ ಕಂಪನಿಯೇ ಇನ್ನೊಬ್ಬರ ಪಾಲಾಯಿತು.

ಈಗ ಬಹುವಚನ. ಆರ್ನೆಸನ್ ಅವರು ತಮ್ಮದೇ ಒಂದು ಆಟದ ಕಂಪನಿ ನಡೆಸಿ ನೋಡಿದರು, ಕಂಪ್ಯೂಟರ್ ಕಂಪನಿಯನ್ನೂ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿದ್ದಾಗ ವಿಶೇಷ ಅಗತ್ಯವಿರುವ ಮಕ್ಕಳ ಜೊತೆ ಕೆಲಸ ಮಾಡಿದರು. ಮಿನೆಸೋಟಕ್ಕೆ ವಾಪಸ್ ಬಂದ ಮೇಲೆ ಶಾಲೆಗಳಿಗೆ ಹೋಗಿ ಬಹುಮುಖದ ದಾಳಗಳಿಂದ ಗಣಿತ ಕಲಿಸುವುದು ಹೇಗೆ ಅಂತ ಹೇಳುತ್ತಿದ್ದರು. 1990ರ ದಶಕದಲ್ಲಿ ಫ್ಲೋರಿಡಾದ ಫುಲ್ ಸೇಲ್ ಎಂಬ ಸಂಸ್ಥೆಯಲ್ಲಿ ಆಟದ ವಿನ್ಯಾಸ ಕಲಿಸುವ ಮೇಷ್ಟ್ರಾದರು. ಅವರು ಯಾವ ಪಾಠ ಮಾಡುತ್ತಿದ್ದರು ಗೊತ್ತಾ? ಆಟದ ನಿಯಮಗಳನ್ನು ತಪ್ಪಿಲ್ಲದೆ, ಬೇರೆಯವರಿಗೆ ಅರ್ಥವಾಗುವ ಹಾಗೆ ಬರೆಯುವುದು! 20 ಪುಟದ ಟಿಪ್ಪಣಿ ಕೈಗೆ ಕೊಟ್ಟ ಅದೇ ಮನುಷ್ಯ. ಇದನ್ನು ಮೊದಲ ಸಲ ಓದಿದಾಗ ನಗು ಬಂತು. ಎರಡನೇ ಸಲ ಬರಲಿಲ್ಲ.

2008ರ ತನಕ ಪಾಠ ಮಾಡಿದರು. ಅದೇ ವರ್ಷ ಮಾರ್ಚ್ 4ಕ್ಕೆ ಗೈಗ್ಯಾಕ್ಸ್ ತೀರಿಕೊಂಡರು, ಅವರಿಗೂ ಈಗ ಬಹುವಚನ. ಆರ್ನೆಸನ್ ಹೋದದ್ದು 2009ರ ಏಪ್ರಿಲ್ 7ರಂದು, ಕ್ಯಾನ್ಸರ್‌ನಿಂದ. ಕೊನೆಯ ವರ್ಷಗಳಲ್ಲೂ ವರ್ಷಕ್ಕೊಮ್ಮೆ ಮಿನೆಸೋಟದಲ್ಲಿ ಗೆಳೆಯರು ಸೇರಿ ಬ್ಲ್ಯಾಕ್‌ಮೂರ್ ಆಡುತ್ತಿದ್ದರು. ನಾಡು ಅದೇ, ಕೋಟೆ ಅದೇ.

ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆ ಕೇಳಿ ಅಂದಾಗ ಹಿಂದೆ ಕೂತಿದ್ದ ಒಬ್ಬ ಹುಡುಗಿ ಎದ್ದಳು. ಹೈಸ್ಕೂಲು ಇರಬೇಕು. "ಸರ್, ಈಗ್ಲೇ ಆಡ್ಬಹುದಾ?" ಅಂದಳು. ದಾಳದ ಚೀಲ ಶಿರಸಿಯಲ್ಲೇ ಉಳಿದಿತ್ತು. ಆಟದ ಬಗ್ಗೆ ಮಾತಾಡಲು ಬಂದವನು ದಾಳ ಮರೆತು ಬಂದಿದ್ದೆ. ಕವಡೆ ಇದೆಯಾ ಅಂತ ಕೇಳಿದೆ, ಯಾರ ಹತ್ತಿರವೂ ಇಲ್ಲ. ಇಬ್ಬರು ಹುಡುಗರು ಎದ್ದು ಕಡಲತೀರಕ್ಕೆ ಓಡಿದರು. ಬಳಚಿನ ಚಿಪ್ಪು ಹೆಕ್ಕಿ ತಂದರು, ಇಲ್ಲಿ ತಿಸರೆ ಅನ್ನುತ್ತಾರಲ್ಲ ಅದು. ಒಳ್ಳೆಯ ಆರು ಚಿಪ್ಪು ಆರಿಸಿಕೊಂಡೆವು.

ನಿಯಮ ಅಲ್ಲೇ ಮಾಡಿದೆವು. ಆರೂ ಒಟ್ಟಿಗೆ ಎಸೆಯುವುದು. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಅಂಗಾತ ಬಿದ್ದರೆ ಗೆಲುವು. ನಾಣ್ಯವಾಗಿದ್ದರೆ 64ರಲ್ಲಿ 22 ಸಲ ಗೆಲ್ಲಬಹುದು ಅಂತ ಲೆಕ್ಕ ಹೇಳಿದೆ. ಚಿಪ್ಪು ನಾಣ್ಯದ ಥರ ಬೀಳಲ್ಲ ಸರ್ ಅಂದ ಅದನ್ನು ತಂದ ಹುಡುಗ. ಹತ್ತು ಸಲ ಎಸೆದು ತೋರಿಸಿದ. ಅವನ ಮಾತೇ ಸರಿ, ಕವುಚಿ ಬೀಳುವುದೇ ಜಾಸ್ತಿ. ಹಾಗಾದರೆ ಮೂರು ಸಾಕು ಅಂತ ಬದಲಾಯಿಸಿದೆವು.

ಆಮೇಲೆ ಕುರ್ಚಿಗಳನ್ನು ಸುತ್ತ ಎಳೆದುಕೊಂಡೆವು. ರಾತ್ರಿ, ಕಾಳಿ ನದಿ ಸಮುದ್ರ ಸೇರುವ ಜಾಗ, ದೋಣಿಯಲ್ಲಿ ನೀವು ಐದು ಜನ, ದಡದಲ್ಲಿ ಯಾರೋ ಲಾಟೀನು ಬೀಸುತ್ತಿದ್ದಾರೆ ಅಂದೆ. ಏನು ಮಾಡುತ್ತೀರಿ?

"ಮೊದ್ಲು ನಮ್ ಲಾಟೀನು ಆರಿಸ್ತೇನೆ" ಅಂದಳು ಆ ಹುಡುಗಿ.